‘ಮುಳ್ಳು ಗೀರಿದೆ’ ಎಂದರೆ ಹಾವು ಕಚ್ಚಿದೆ ಎಂದರ್ಥ: ಚೆರೋಕಿ ಜನರ ಸರ್ಪರಕ್ಷೆ

ಕರ್ನಾಟಕದ ಹಳ್ಳಿಗಳಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಹಿರಿಯರು ಆ ಮಾತನ್ನು ನೇರವಾಗಿ ಆಡುವುದಿಲ್ಲ. ‘ಹುಳ ಮುಟ್ಟಿದೆ’ ಎನ್ನುತ್ತಾರೆ. ಇರುಳಿನಲ್ಲಂತೂ ಹಾವಿನ ಹೆಸರನ್ನೇ ಎತ್ತಬಾರದೆಂಬ ನಿಷೇಧ ಇನ್ನೂ ಅನೇಕ ಮನೆಗಳಲ್ಲಿದೆ. ಹೆಸರು ಹಿಡಿದರೆ ಕರೆದಂತಾಗುತ್ತದೆ, ಕರೆದರೆ ಬರುತ್ತದೆ ಎಂಬುದು ಇದರ ಹಿಂದಿನ ಭಾವನೆ. ಭೂಮಿಯ ಮತ್ತೊಂದು ಮಗ್ಗುಲಲ್ಲಿ, ಅಮೆರಿಕದ ಅಪಲಾಚಿಯನ್ ಬೆಟ್ಟಸಾಲಿನಲ್ಲಿ ನೆಲೆಸಿರುವ ಚೆರೋಕಿ ಎಂಬ ಮೂಲನಿವಾಸಿ ಜನಾಂಗದಲ್ಲಿಯೂ ಇಂಥದೇ ಒಂದು ಮಾತಿನ ಮರ್ಯಾದೆ ಬಳಕೆಯಲ್ಲಿತ್ತು. ಹಾವು ಕಚ್ಚಿದವನನ್ನು ಕುರಿತು ಅವರು ‘ಅವನಿಗೆ ಮುಳ್ಳು ಗೀರಿದೆ’ ಎಂದಷ್ಟೇ ಹೇಳುತ್ತಿದ್ದರು. ಹಾವು ತಪ್ಪು ಮಾಡಿತೆಂದು ಬಾಯಿಬಿಟ್ಟು ಹೇಳಿದರೆ ಅದಕ್ಕೆ ಅವಮಾನವಾದೀತು, ಅವಮಾನವಾದರೆ ಅದರ ಬಂಧುಬಳಗ ಸುಮ್ಮನಿರಲಾರದು ಎಂಬ ಅಂಜಿಕೆ ಅವರದು.

ವಿಷಜಂತುಗಳಿಂದ ಪಾರಾಗಲು ಜಗತ್ತಿನ ಬಹುತೇಕ ಎಲ್ಲ ಜನಾಂಗಗಳೂ ಮಂತ್ರ, ತಾಯಿತ, ಬೇರು, ನಾರುಗಳನ್ನು ಕಂಡುಕೊಂಡಿವೆ. ಚೆರೋಕಿಗಳ ಸರ್ಪರಕ್ಷೆಗೆ ಒಂದು ವಿಶೇಷವಿದೆ. ಅದು ಹೊರಗಿನವರು ಕೇಳಿ ಬರೆದುಕೊಂಡ ಮಾತಲ್ಲ. ಆ ಜನಾಂಗದ ಮಾಂತ್ರಿಕ ವೈದ್ಯರೇ ತಮ್ಮ ಲಿಪಿಯಲ್ಲಿ, ತಮ್ಮ ಉಪಯೋಗಕ್ಕಾಗಿ ಬರೆದಿಟ್ಟುಕೊಂಡದ್ದು.

ಬರೆದಿಟ್ಟ ಮಂತ್ರಗಳು

1838-39ರಲ್ಲಿ ಅಮೆರಿಕ ಸರ್ಕಾರವು ಸುಮಾರು 16 ಸಾವಿರ ಚೆರೋಕಿಗಳನ್ನು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿತು. ಆ ದಾರಿಯಲ್ಲಿ ಮತ್ತು ಅದಕ್ಕೆ ಮುನ್ನ ಕೂಡಿಹಾಕಿದ ಶಿಬಿರಗಳಲ್ಲಿ ಸುಮಾರು 4 ಸಾವಿರ ಮಂದಿ ಸತ್ತರೆಂದು ಅಂದಾಜಿದೆ. ‘ಕಣ್ಣೀರಿನ ಹಾದಿ’ ಎಂದು ಇತಿಹಾಸದಲ್ಲಿ ಹೆಸರಾದದ್ದು ಅದೇ. ಬೆಟ್ಟಗಳಲ್ಲಿ ಅಡಗಿ ಉಳಿದವರು ಹಾಗೂ ಬೇರೆ ಬೇರೆ ಕಾರಣಗಳಿಂದ ಅಲ್ಲಿಯೇ ನಿಂತವರು ಇಂದಿನ ‘ಪೂರ್ವ ಚೆರೋಕಿ’ ಸಮುದಾಯದ ಮೂಲಪುರುಷರು. ಉತ್ತರ ಕೆರೊಲಿನಾ ರಾಜ್ಯದ ಪಶ್ಚಿಮದ ಗುಡ್ಡಗಾಡಿನಲ್ಲಿ, ಕ್ವಾಲಾ ಎಂಬ ಸೀಮೆಯಲ್ಲಿ ಇವರ ವಾಸ.

1887ರಲ್ಲಿ ಇಲ್ಲಿಗೆ ಜೇಮ್ಸ್ ಮೂನಿ ಎಂಬ ತರುಣ ಬಂದನು. ಇಂಡಿಯಾನಾ ರಾಜ್ಯದ ಒಂದು ಪತ್ರಿಕೆಯಲ್ಲಿ ದುಡಿದು, ಅನಂತರ ವಾಷಿಂಗ್ಟನ್ನಿನ ಅಮೆರಿಕನ್ ಜನಾಂಗಶಾಸ್ತ್ರ ಇಲಾಖೆ ಸೇರಿದ್ದವನು. ಐಯೂನಿನಿ ಎಂಬ ವೈದ್ಯನು ಅವನಿಗೆ ಕಥೆಗಳನ್ನು ಧಾರಾಳವಾಗಿ ಹೇಳಿದನಾದರೂ ಮಂತ್ರಗಳ ಮಾತು ಬಂದಾಗ ಬಾಯಿ ಮುಚ್ಚಿದನು. ಹಣ ಕೊಟ್ಟು ಕಲಿಯುವ ವಿದ್ಯೆಯನ್ನು ಪರಕೀಯನಿಗೆ ಬಿಟ್ಟುಕೊಡುವುದು ಹೇಗೆ? ನಿನಗೆ ನಿಜಕ್ಕೂ ಅಷ್ಟು ತಿಳಿದಿದೆಯೇ ಎಂಬ ಕೆಣಕು ಮಾತಿಗೆ ಅವನ ಅಭಿಮಾನ ಕೆರಳಿತು. ಕೊನೆಗೆ ಅವನು ಹೊರತೆಗೆದದ್ದು 240 ಪುಟಗಳ ಒಂದು ದಿನಚರಿ ಪುಸ್ತಕ. ಅದರ ತುಂಬ ಚೆರೋಕಿ ಲಿಪಿಯಲ್ಲಿ ಬರೆದ ಮಂತ್ರಗಳು, ಹಾಡುಗಳು, ಚಿಕಿತ್ಸೆಯ ವಿಧಿಗಳು.

ಈ ಲಿಪಿಯ ಬಗ್ಗೆ ಎರಡು ಮಾತು ಅವಶ್ಯ. ಇಂಗ್ಲಿಷ್ ಓದು-ಬರಹ ಬಾರದ ಸೆಕ್ವೋಯಾ ಎಂಬ ಚೆರೋಕಿ ಕುಶಲಕರ್ಮಿಯು 1821ರ ಹೊತ್ತಿಗೆ ತಾನೇ ರೂಪಿಸಿದ ಲಿಪಿ ಇದು. ಇಂದಿನ ರೂಪದಲ್ಲಿ 85 ಅಕ್ಷರಗಳಿವೆ. ಇಂಗ್ಲಿಷಿನಂತೆ ಒಂದೊಂದು ಧ್ವನಿಗೆ ಒಂದೊಂದು ಅಕ್ಷರವಲ್ಲ. ಕನ್ನಡದ ಕ, ಕಿ, ಕುಗಳಂತೆ ಇಡೀ ಉಚ್ಚಾರಾಂಶಕ್ಕೆ ಒಂದು ಚಿಹ್ನೆ. ಕೆಲವೇ ವರ್ಷಗಳಲ್ಲಿ ಜನಾಂಗವು ಈ ಅಕ್ಷರಗಳನ್ನು ಕಲಿತಿತು. 1828ರಲ್ಲಿ ಪತ್ರಿಕೆಯನ್ನೂ ಹೊರಡಿಸಿತು. ಬಾಯಿಂದ ಬಾಯಿಗೆ ಸಾಗುತ್ತಿದ್ದ ಮಂತ್ರವಿದ್ಯೆ ಹೀಗೆ ಹಾಳೆಗೆ ಇಳಿಯಿತು. ಮೂನಿ ಒಟ್ಟು ಸುಮಾರು 600 ಮಂತ್ರಗಳನ್ನು ಸಂಗ್ರಹಿಸಿ, ಆಯ್ದ ಕೆಲವನ್ನು 1891ರಲ್ಲಿ ಪ್ರಕಟಿಸಿದನು. ಈ ಜನರ ಪುರಾಣ ಕಥೆಗಳ ದೊಡ್ಡ ಸಂಪುಟವು 1900ರಲ್ಲಿ ಬಂದಿತು. ಐಯೂನಿನಿ ಅದಕ್ಕೂ ಮುನ್ನ, 1899ರಲ್ಲಿ ತೀರಿಕೊಂಡಿದ್ದನು.

ಒಂದು ಜೀವಕ್ಕೆ ಒಂದು ಜೀವ

ಹಾವಿನ ಮಂತ್ರವು ಮನುಷ್ಯರಿಗೆ ಹೇಗೆ ದೊರೆಯಿತು ಎಂಬುದಕ್ಕೆ ಚೆರೋಕಿಗಳಲ್ಲಿ ಒಂದು ಕಥೆಯಿದೆ. ಅವರ ಸರ್ಪರಕ್ಷೆಯ ತಿರುಳೆಲ್ಲ ಅದರಲ್ಲಿ ಅಡಕವಾಗಿದೆ.

ಮನುಷ್ಯರೂ ಪ್ರಾಣಿಗಳೂ ಮಾತನಾಡಿಕೊಳ್ಳುತ್ತಿದ್ದ ಕಾಲ. ಮನೆಯ ಮುಂದೆ ಆಡುತ್ತಿದ್ದ ಮಕ್ಕಳು ಚೀರಿಕೊಂಡಾಗ ತಾಯಿ ಓಡಿಬಂದಳು. ಹುಲ್ಲಿನಿಂದ ಹರಿದುಬಂದ ಗಿಲಕಿ ಹಾವನ್ನು ಕಂಡು ಕೋಲೆತ್ತಿ ಹೊಡೆದು ಕೊಂದಳು. ಗಂಡ ಬೇಟೆಗೆ ಹೋಗಿದ್ದನು. ಕತ್ತಲಾದ ಮೇಲೆ ಕಣಿವೆಯ ದಾರಿಯಲ್ಲಿ ಹಿಂದಿರುಗುವಾಗ ಅವನಿಗೆ ವಿಚಿತ್ರವಾದ ರೋದನ ಕೇಳಿಸಿತು. ಸುತ್ತ ನೋಡಿದರೆ ಗಿಲಕಿ ಹಾವುಗಳ ದೊಡ್ಡ ಗುಂಪು, ಬಾಯಿ ತೆರೆದು ಅಳುತ್ತಿದೆ. ಏಕೆಂದು ಕೇಳಿದನು. ‘ನಿನ್ನ ಹೆಂಡತಿ ಇಂದು ನಮ್ಮ ಒಡೆಯನಾದ ಹಳದಿ ಹಾವನ್ನು ಕೊಂದಳು, ಸೇಡಿಗಾಗಿ ಕಪ್ಪು ಹಾವನ್ನು ಕಳುಹಿಸಲಿದ್ದೇವೆ’ ಎಂಬ ಉತ್ತರ ಬಂತು. ಬೇಟೆಗಾರನು ನೊಂದುಕೊಂಡನು. ನಿನ್ನ ಪಶ್ಚಾತ್ತಾಪ ನಿಜವಾಗಿದ್ದರೆ ಜೀವಕ್ಕೆ ಜೀವ ಕೊಡು ಎಂದವು ಹಾವುಗಳು. ಒಪ್ಪದಿದ್ದರೆ ಇನ್ನೇನು ಕಾದಿದೆಯೋ ಎಂದು ಹೆದರಿ ಅವನು ಒಪ್ಪಿದನು.

ಕಪ್ಪು ಹಾವು ಅವನೊಡನೆ ಬಂದು ಬಾಗಿಲ ಹೊರಗಿನ ಕತ್ತಲಲ್ಲಿ ಸುರುಳಿ ಸುತ್ತಿ ಕುಳಿತಿತು. ಹೆಂಡತಿ ಊಟ ಸಿದ್ಧಮಾಡಿ ಕಾದಿದ್ದಳು. ಅವನು ನೀರು ಕೇಳಿದನು. ಅವಳು ಒಳಗಿದ್ದ ನೀರನ್ನು ಸೋರೆಬುರುಡೆಯಲ್ಲಿ ಕೊಟ್ಟಳು. ಬೇಡ, ಚಿಲುಮೆಯಿಂದ ಹೊಸ ನೀರು ಬೇಕು ಎಂದನು. ಅವಳು ಬೋಗುಣಿ ಹಿಡಿದು ಹೊರಗೆ ಹೋದಳು. ಮರುಕ್ಷಣ ಕೂಗು ಕೇಳಿಸಿತು. ಅವಳ ಪ್ರಾಣ ಹೋಗುವವರೆಗೂ ಅವನು ಬಳಿಯಲ್ಲಿಯೇ ಇದ್ದನು. ಆಮೇಲೆ ಹುಲ್ಲಿನಿಂದ ಹೊರಬಂದ ಕಪ್ಪು ಹಾವು, ತನ್ನ ಕುಲಕ್ಕೆ ಸಮಾಧಾನವಾಯಿತೆಂದು ಹೇಳಿ ಅವನಿಗೊಂದು ಹಾಡನ್ನು ಕಲಿಸಿತು. ನಮ್ಮವರು ಎದುರಾದಾಗ ಇದನ್ನು ಹಾಡಿದರೆ ನಾವು ಕೇಡು ಮಾಡುವುದಿಲ್ಲ. ಅಕಸ್ಮಾತ್ ಕಚ್ಚಿದರೂ ಇದನ್ನು ಹಾಡಿದರೆ ಕಚ್ಚಿಸಿಕೊಂಡವನು ಬದುಕುತ್ತಾನೆ ಎಂದು ಮಾತು ಕೊಟ್ಟಿತು.

ಮಕ್ಕಳನ್ನು ಕಾಪಾಡಲು ಹೋದ ತಾಯಿಗೆ ಇಂಥ ಅಂತ್ಯವೇ ಎಂದು ಓದುಗರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಕಥೆ ಆ ಕ್ರೌರ್ಯವನ್ನು ಮರೆಮಾಚುವುದಿಲ್ಲ. ಈ ಮಂತ್ರವು ಹಾವಿನ ಮೇಲೆ ಗೆದ್ದ ಆಯುಧವಲ್ಲ, ಎರಡು ಕುಲಗಳ ನಡುವಣ ಒಪ್ಪಂದ. ಕೊಲೆಯಾದರೆ ಕೊಂದವರ ಕುಲದಿಂದ ಜೀವ ತೆರಬೇಕೆಂಬುದು ಚೆರೋಕಿ ಸಮಾಜದ ಹಳೆಯ ನ್ಯಾಯವೇ ಆಗಿತ್ತು. ಅದೇ ನ್ಯಾಯವನ್ನು ಅವರು ಹಾವಿಗೂ ಅನ್ವಯಿಸಿದರು.

ಹಾವನ್ನು ಕೊಲ್ಲದಿರುವುದೇ ಮೊದಲ ರಕ್ಷೆ

ಗಿಲಕಿ ಹಾವು ಎಂದರೆ ಇಂಗ್ಲಿಷಿನಲ್ಲಿ ರ್‍ಯಾಟಲ್ ಸ್ನೇಕ್. ಬಾಲದ ತುದಿಯ ಗಟ್ಟಿ ಬಳೆಗಳನ್ನು ಅಲುಗಿಸಿ ಸದ್ದು ಮಾಡಿ ಎಚ್ಚರಿಸುವ ಮಂಡಲದ ಹಾವಿನ ಬಳಗದ ಜೀವಿ. ಚೆರೋಕಿ ಭಾಷೆಯಲ್ಲಿ ಇದರ ಹೆಸರಿಗೆ ‘ಗಂಟೆಯುಳ್ಳವನು’ ಎಂಬ ಅರ್ಥವಿದೆ. ಆ ಬೆಟ್ಟಗಳಲ್ಲಿರುವ ವಿಷದ ಹಾವುಗಳು ಎರಡೇ: ಇದು ಮತ್ತು ಕಾಪರ್‌ಹೆಡ್.

ಚೆರೋಕಿಗಳ ಪುರಾಣದಂತೆ ಗಿಲಕಿ ಹಾವು ಮೊದಲು ಮನುಷ್ಯನಾಗಿತ್ತು. ಸೂರ್ಯ ಅವರಿಗೆ ಹೆಣ್ಣು; ಅವಳು ಮುನಿದು ಜ್ವರದಿಂದ ಜನರನ್ನು ಕೊಲ್ಲತೊಡಗಿದಾಗ, ಅವಳನ್ನು ತಡೆಯಲೆಂದು ಕೆಲವರನ್ನು ಹಾವುಗಳನ್ನಾಗಿ ಮಾಡಿ ಕಳುಹಿಸಲಾಯಿತು. ಅವರಲ್ಲೊಬ್ಬ ಈ ಗಿಲಕಿ ಹಾವು. ಅವಸರದಲ್ಲಿ ಅದು ಸೂರ್ಯನ ಬದಲು ಅವಳ ಮಗಳನ್ನು ಕಚ್ಚಿತು. ಮನುಷ್ಯರಿಗಾಗಿ ರೂಪ ಕಳೆದುಕೊಂಡವನು ಎಂಬ ಕೃತಜ್ಞತೆ ಭಯದ ಜೊತೆಗೇ ಬೆರೆತಿದೆ.

ಆದ್ದರಿಂದ ಗಿಲಕಿ ಹಾವನ್ನು ಕೊಲ್ಲುವಂತಿರಲಿಲ್ಲ. ಕೊಲ್ಲಲೇಬೇಕಾಗಿ ಬಂದರೆ ಸತ್ತ ಹಾವಿನ ಆತ್ಮದ ಕ್ಷಮೆಯನ್ನು ತಾನೇ ಅಥವಾ ವೈದ್ಯನ ಮೂಲಕ ವಿಧಿವತ್ತಾಗಿ ಬೇಡಬೇಕು. ಇಲ್ಲವಾದರೆ ಅದರ ಬಂಧುಗಳು ಜಾಡು ಹಿಡಿದು ಬಂದು ಕಚ್ಚುತ್ತವೆ. ತಲೆಯನ್ನು ಕತ್ತರಿಸಿ ಒಂದು ತೋಳುದ್ದ ಆಳದಲ್ಲಿ ಹೂಳಬೇಕು. ದೇಹವನ್ನು ಟೊಳ್ಳಾದ ಮರದ ದಿಮ್ಮಿಯಲ್ಲಿ ಮರೆಸಿಡಬೇಕು. ಬಯಲಿಗೆ ಬಿಟ್ಟರೆ ಹಾವುಗಳು ಸಿಟ್ಟಾಗಿ ಹೊಳೆಗಳು ದಡ ಮೀರುವಷ್ಟು ಮಳೆ ತರಿಸುತ್ತವೆ. ಅಷ್ಟೇ ಅಲ್ಲ, ತಮ್ಮ ಗೆಳೆಯರಾದ ಜಿಂಕೆಗೂ ಜಿನ್ಸೆಂಗ್ ಗಿಡಕ್ಕೂ ಸುದ್ದಿ ಮುಟ್ಟಿಸಿ ಅವು ಬೇಟೆಗಾರನ ಕಣ್ಣಿಗೆ ಬೀಳದಂತೆ ಮಾಡುತ್ತವೆ. ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದವರಿಗೆ, ಸತ್ತ ನಾಗರಹಾವಿಗೆ ಸಂಸ್ಕಾರ ಮಾಡುವ ಕರಾವಳಿಯ ಪದ್ಧತಿಯನ್ನು ಕಂಡವರಿಗೆ ಇದಾವುದೂ ಅಪರಿಚಿತವೆನಿಸದು.

ತಲೆಯನ್ನು ಆಳದಲ್ಲಿ ಹೂಳಬೇಕೆಂಬ ನಿಯಮವನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಕತ್ತರಿಸಿದ ಮೇಲೂ ಗಿಲಕಿ ಹಾವಿನ ತಲೆಯು ನರಗಳ ಪ್ರತಿಕ್ರಿಯೆಯಿಂದ ಕೆಲ ಹೊತ್ತು ಕಚ್ಚಬಲ್ಲದು. 2018ರಲ್ಲಿ ಟೆಕ್ಸಾಸಿನಲ್ಲಿ ಹಾಗೆ ಕತ್ತರಿಸಿದ ತಲೆಯನ್ನು ಎತ್ತಲು ಹೋದ ವ್ಯಕ್ತಿಯೊಬ್ಬನಿಗೆ ವಿಷವೇರಿ, ಬದುಕಿಸಲು 26 ಡೋಸ್ ಪ್ರತಿವಿಷ ಬೇಕಾಯಿತು.

ಈ ಭಯಭಕ್ತಿಯಲ್ಲಿ ವ್ಯಾಪಾರವೂ ಇತ್ತೆಂಬುದನ್ನು ಮೂನಿ ಮುಚ್ಚಿಡಲಿಲ್ಲ. ಹಾವಿನ ಹಲ್ಲು, ಗಿಲಕಿ, ಕೊಬ್ಬು, ಮಾಂಸಗಳಿಗೆ ಔಷಧವಾಗಿ ಬೇಡಿಕೆಯಿತ್ತು. ಕ್ಷಮಾಪಣೆಯ ಮಂತ್ರ ಬಲ್ಲ ಕೆಲವರು ಮಾತ್ರ ಹಾವನ್ನು ಕೊಂದು ಅವನ್ನು ಒದಗಿಸುತ್ತಿದ್ದರು. ತಾವೂ ಕಲಿಯುತ್ತೇವೆಂದು ಬಂದವರಿಗೆ ಅವರು ಹೇಳುತ್ತಿದ್ದುದು: ಮಂತ್ರ ಸರಿಯಾಗಿ ಬಂತೋ ಇಲ್ಲವೋ ಎಂದು ಪರೀಕ್ಷಿಸಲು ಹಾವುಗಳು ಹೊಸಬನನ್ನು ಕಚ್ಚಿಯೇ ನೋಡುತ್ತವೆ. ಪೈಪೋಟಿಯನ್ನು ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕೇ?

ಕಚ್ಚಿದ ಮೇಲೆ

ಹಾವು ಕಚ್ಚಿದಾಗ ಹೇಳುವ ಮಂತ್ರವೊಂದು ಗಹೂನಿ ಎಂಬ ವೈದ್ಯನ ಕೈಬರಹದಲ್ಲಿ ಸಿಕ್ಕಿತು. ಮೂನಿ ಬರುವ ಹೊತ್ತಿಗೆ ಅವನು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವನು ಮಾಂತ್ರಿಕನೂ ಹೌದು, ಮೆಥಡಿಸ್ಟ್ ಕ್ರೈಸ್ತ ಬೋಧಕನೂ ಹೌದು. ಎರಡೂ ವೃತ್ತಿಗಳನ್ನು ಒಟ್ಟಿಗೆ ನಡೆಸಿದವರು ಆ ಜನರಲ್ಲಿ ಅವನೊಬ್ಬನೇ ಅಲ್ಲ. ಮಂತ್ರದ ಪಾಠವನ್ನು ಇಲ್ಲಿ ಕೊಡುವ ಅಗತ್ಯವಿಲ್ಲ. ಅದರ ಧೋರಣೆ ಮಾತ್ರ ಗಮನಾರ್ಹ. ಒಳಹೊಕ್ಕಿರುವುದು ಹಾವಿನದಲ್ಲ, ಹಾದು ಹೋದ ಸಾಮಾನ್ಯ ಕಪ್ಪೆಯೊಂದು ಇಟ್ಟು ಹೋದದ್ದು ಎಂದು ಅದು ಸಾಧಿಸುತ್ತದೆ. ‘ಮುಳ್ಳು ಗೀರಿದೆ’ ಎಂಬ ಮಾತಿನ ಜಾಡೇ ಇದು: ದೊಡ್ಡ ಶತ್ರುವಿನ ಹೆಸರೆತ್ತದೆ ಕಿರಿದಾಗಿಸುವುದು. ಇಂಥ ಹಾಡುಗಳನ್ನು ಜೋಗುಳದಂತಹ ತಗ್ಗಿದ ದನಿಯಲ್ಲಿ ಹಾಡುತ್ತಿದ್ದರು. ಕೆಲವು ಶಬ್ದಗಳ ಅರ್ಥ ಆಗಿನ ವೈದ್ಯರಿಗೇ ತಿಳಿದಿರಲಿಲ್ಲ.

ವಿಧಿ ಹೀಗಿದೆ. ಹೊಗೆಸೊಪ್ಪಿನ ರಸವನ್ನು, ಅದಿಲ್ಲದಿದ್ದರೆ ಉಗುಳನ್ನು, ಗಾಯದ ಮೇಲೆ ಉಜ್ಜಬೇಕು. ಉಜ್ಜುವಾಗ ಎಡಕ್ಕೆ ನಾಲ್ಕು ಸುತ್ತು ಬರಬೇಕು, ನಾಲ್ಕು ಸಲ ಊದಬೇಕು. ನಾಲ್ಕು ಅವರಿಗೆ ಪವಿತ್ರ ಸಂಖ್ಯೆ. ಎಡಕ್ಕೇ ಏಕೆ ಎಂಬುದಕ್ಕೆ ಕೈಬರಹದಲ್ಲಿಯೇ ಕಾರಣ ಕೊಟ್ಟಿದೆ: ಹಾವು ಯಾವಾಗಲೂ ಬಲಕ್ಕೆ ಸುರುಳಿ ಸುತ್ತಿ ಮಲಗುತ್ತದೆ, ಎಡಕ್ಕೆ ಉಜ್ಜುವುದೆಂದರೆ ಆ ಸುರುಳಿಯನ್ನು ಬಿಚ್ಚಿದಂತೆ.

ಕನಸಿನಲ್ಲಿ ಹಾವು ಕಚ್ಚಿದರೂ ನಿಜವಾಗಿ ಕಚ್ಚಿದಾಗ ಮಾಡುವ ಚಿಕಿತ್ಸೆಯನ್ನೇ ಮಾಡಬೇಕಿತ್ತು. ಕಚ್ಚಿದ್ದು ಹಾವಿನ ಪ್ರೇತ. ಅಲಕ್ಷಿಸಿದರೆ ವರ್ಷಗಳ ಅನಂತರವಾದರೂ ಆ ಜಾಗ ಊದಿಕೊಂಡು ಹುಣ್ಣಾಗುತ್ತದೆ. ರೋಗಗಳ ಹುಟ್ಟಿನ ಕುರಿತ ಚೆರೋಕಿ ಪುರಾಣದಲ್ಲಿ, ತಮ್ಮನ್ನು ಕೊಲ್ಲುವ ಮನುಷ್ಯರ ಮೇಲೆ ಸೇಡು ತೀರಿಸಲು ಸರೀಸೃಪಗಳೂ ಮೀನುಗಳೂ ಆರಿಸಿಕೊಂಡ ಶಿಕ್ಷೆಯೇ ಕೆಟ್ಟ ಕನಸು. ಅದೇ ಪುರಾಣದಲ್ಲಿ ಮನುಷ್ಯರ ಪರವಾಗಿ ನಿಂತವು ಸಸ್ಯಗಳು. ಒಂದೊಂದು ರೋಗಕ್ಕೂ ತಾವು ಮದ್ದಾಗುವುದಾಗಿ ಅವು ಒಪ್ಪಿದವು.

ಹಾಗೆ ಒಪ್ಪಿದ ಗಿಡಗಳಲ್ಲಿ ಒಂದರ ಬೇರಿನ ಚೂರನ್ನು ಬಾಯಲ್ಲಿ ಇಟ್ಟುಕೊಂಡವನನ್ನು ಕಂಡರೆ ಹಾವು ಓಡಿಹೋಗುತ್ತದೆಂದು ನಂಬಿದ್ದರು. ನಕ್ಷತ್ರದಂಥ ಬಿಳಿ ಹೂ ಬಿಡುವ ಅದರ ಶಾಸ್ತ್ರೀಯ ಹೆಸರು ಸೈಲೀನ್ ಸ್ಟೆಲ್ಲೇಟಾ. ಬಾಸ್‌ವುಡ್ ಮರದ ತೊಗಟೆಯನ್ನು ಜಗಿದು ಗಾಯಕ್ಕೆ ಹಚ್ಚುವುದೂ ಇತ್ತು. ಆ ಮರಕ್ಕೆ ಸಿಡಿಲು ಬಡಿಯದೆಂಬುದು ಪ್ರತೀತಿ. ಹಾವಿಗೂ ಗುಡುಗಿಗೂ ನಂಟಿರುವುದರಿಂದ ಗುಡುಗಿಗೆ ಜಗ್ಗದ ಮರ ಹಾವಿಗೂ ಜಗ್ಗದು ಎಂಬ ತರ್ಕ.

ಮೂರನೆಯ ಗಿಡದ ಸಂಗತಿ ಹೆಚ್ಚು ಕುತೂಹಲಕರ. ಅರಿಸ್ಟೊಲೋಕಿಯಾ ಸರ್ಪೆಂಟೇರಿಯಾ ಎಂಬ ಬಳಗದ ಬೇರನ್ನು ಚೆರೋಕಿಗಳು ಜಗಿದು ಹಾವಿನ ಗಾಯದ ಮೇಲೆ ಉಗುಳುತ್ತಿದ್ದರು. ಇದೇ ಕುಲದ ಅರಿಸ್ಟೊಲೋಕಿಯಾ ಇಂಡಿಕಾ ಎಂದರೆ ಕನ್ನಡಿಗರ ಈಶ್ವರಿ ಬಳ್ಳಿ. ಹಾವು ಬಾರದಿರಲೆಂದು ಮನೆಯ ಬಳಿ ಬೆಳೆಸುವ, ಕಚ್ಚಿದರೆ ಬೇರು ಅರೆದು ಕೊಡುವ ಅದೇ ಬಳ್ಳಿ. ಸಾಗರಗಳ ಆಚೀಚೆಯ ಜನ ಪರಸ್ಪರ ಅರಿಯದೆಯೇ ಒಂದೇ ಕುಲದ ಗಿಡವನ್ನು ಹಾವಿಗೆ ಮದ್ದೆಂದು ಆರಿಸಿಕೊಂಡದ್ದು ಮೇಲ್ನೋಟಕ್ಕೆ ಬಲವಾದ ಪುರಾವೆಯಂತೆ ಕಾಣುತ್ತದೆ. ಆದರೆ ಈ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂಬುದು ಇಂದು ನಿಸ್ಸಂದೇಹವಾಗಿ ಸಿದ್ಧವಾಗಿದೆ. ಇಂಥ ಔಷಧಗಳ ವಿರುದ್ಧ ಅಮೆರಿಕದ ಔಷಧ ಆಡಳಿತವು 2001ರಲ್ಲಿಯೇ ಎಚ್ಚರಿಕೆ ನೀಡಿತು. ಬೇರನ್ನು ಹೊಟ್ಟೆಗೆ ಕೊಡುವುದು ಹಾವಿನ ವಿಷದ ಮೇಲೆ ಮತ್ತೊಂದು ವಿಷವನ್ನು ಸೇರಿಸಿದಂತೆ.

ಫಲಿಸಿದಂತೆ ಕಂಡದ್ದೇಕೆ?

ಹಾಗಾದರೆ ಶತಮಾನಗಳ ಕಾಲ ಈ ಮಂತ್ರಗಳ ಮೇಲೆ ನಂಬಿಕೆ ಉಳಿದದ್ದು ಹೇಗೆ? ಉತ್ತರದ ದೊಡ್ಡ ಭಾಗ ಹಾವಿನಲ್ಲಿಯೇ ಇದೆ. ಅಪಲಾಚಿಯನ್ ಕಾಡಿನ ಗಿಲಕಿ ಹಾವು ಮುಂಗೋಪಿಯಲ್ಲ. ಎಲೆಗಳ ನಡುವೆ ಅಲುಗದೆ ಬಿದ್ದಿರುವುದು ಅದರ ಸ್ವಭಾವ. ಕಚ್ಚಿದಾಗಲೂ ಪ್ರತಿ ಸಲ ವಿಷ ಬಿಡುವುದಿಲ್ಲ; ಒಣ ಕಡಿತಗಳ ಪಾಲು ಗಣನೀಯವಾಗಿದೆ. ವಿಷವೇರಿದರೂ ಗಟ್ಟಿಮುಟ್ಟಾದ ವಯಸ್ಕರಲ್ಲಿ ಅನೇಕರು ನೋವು, ಬಾವು, ಅಂಗದ ಊನಗಳೊಡನೆ ಬದುಕುಳಿಯುವರು. ಬದುಕಿದವರೆಲ್ಲರೂ ಮಂತ್ರಕ್ಕೆ ಸಾಕ್ಷಿಗಳಾಗುತ್ತಾರೆ. ಸತ್ತವರ ವಿಷಯದಲ್ಲಿ ಹಾವಿಗೆ ಅಪರಾಧವಾಗಿದ್ದಿರಬೇಕು ಎಂಬ ವಿವರಣೆ ಸಿದ್ಧವಾಗಿಯೇ ಇರುತ್ತದೆ.

ಆ ಕಾಲದ ಬಿಳಿಯ ವೈದ್ಯರ ಕೈಯಲ್ಲಿ ಇದಕ್ಕಿಂತ ಮೇಲಾದುದೇನೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಹಾವು ಕಚ್ಚಿದವನಿಗೆ ಧಾರಾಳವಾಗಿ ವಿಸ್ಕಿ ಕುಡಿಸುವುದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಮಾನ್ಯ ಚಿಕಿತ್ಸೆಯಾಗಿತ್ತು. ಹೊಗೆಸೊಪ್ಪಿನ ರಸ ಉಜ್ಜಿ ಊದುವುದರಿಂದ ರೋಗಿಗೆ ಅದಕ್ಕಿಂತ ಕಡಿಮೆ ಹಾನಿಯಾಗಿರಬೇಕು. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಪ್ರತಿವಿಷದ ಚಿಕಿತ್ಸೆಯನ್ನು ಸಾಧಿಸಿದ್ದು 1890ರ ದಶಕದಲ್ಲಿ. ಗಿಲಕಿ ಹಾವಿನ ಪ್ರತಿವಿಷ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1927ರಲ್ಲಿ. ಈಗ ಆ ದೇಶದಲ್ಲಿ ವರ್ಷಕ್ಕೆ 7ರಿಂದ 8 ಸಾವಿರ ಮಂದಿಗೆ ವಿಷದ ಹಾವು ಕಚ್ಚುತ್ತದೆ. ಸಾಯುವವರು ಸುಮಾರು ಐವರು.

ಭಾರತದ ಲೆಕ್ಕ ಬೇರೆಯೇ. 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. 2011ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಂತೆ, ಇಂಥ ಸಾವುಗಳಲ್ಲಿ ಆಸ್ಪತ್ರೆಯಲ್ಲಿ ಸಂಭವಿಸಿದವು ನಾಲ್ಕನೆಯ ಒಂದು ಭಾಗಕ್ಕೂ ಕಡಿಮೆ. ಉಳಿದವರು ಮನೆಯಲ್ಲಿ, ದಾರಿಯಲ್ಲಿ, ಮಂತ್ರವಾದಿಯ ಅಂಗಳದಲ್ಲಿ ಸತ್ತವರು. ಇಲ್ಲಿನ ನಾಗರಹಾವು ಮತ್ತು ಕಟ್ಟುಹಾವುಗಳ ವಿಷ ಉಸಿರಾಟದ ಸ್ನಾಯುಗಳನ್ನೇ ನಿಷ್ಕ್ರಿಯಗೊಳಿಸುತ್ತದೆ. ಅಪಲಾಚಿಯನ್ ಬೆಟ್ಟದಲ್ಲಿ ಒಂದು ಗಂಟೆಯ ಹಾಡಿನಿಂದ ಆಗದಿದ್ದ ನಷ್ಟ ಇಲ್ಲಿ ಆಗುತ್ತದೆ. ಕರ್ನಾಟಕ ಸರ್ಕಾರವು 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಚ್ಚಿದ ಅಂಗವನ್ನು ಅಲುಗಿಸದೆ, ಕೊಯ್ಯದೆ, ಬಿಗಿದು ಕಟ್ಟದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕೆಂಬುದೇ ವೈದ್ಯರ ಸೂಚನೆ.

ಆದರೆ ಕಚ್ಚುವ ಮುನ್ನಿನ ರಕ್ಷೆಯನ್ನು ಅಷ್ಟು ಸುಲಭವಾಗಿ ಅಲ್ಲಗಳೆಯಲಾಗದು. ಹಾವು ಕಡಿತಕ್ಕೆ ಒಳಗಾಗುವವರಲ್ಲಿ ಅನೇಕರು ಅದನ್ನು ಹಿಡಿಯಲು, ಹೊಡೆಯಲು ಹೋದವರು. ಕೋಲೆತ್ತಬೇಡ, ಕೆಣಕಬೇಡ, ದಾರಿ ಬಿಡು ಎಂಬ ನಿಷೇಧ ಪಾಲಿಸಿದ ಜನರಿಗೆ ಆ ಅಪಾಯ ತಪ್ಪುತ್ತದೆ. ಹಾವಿಗೂ ಅದರಿಂದ ಉಪಕಾರವಾಗಿತ್ತು. ಹೆಣ್ಣು ಗಿಲಕಿ ಹಾವು ಮರಿ ಹಾಕುವ ವಯಸ್ಸಿಗೆ ಬರಲು ಏಳೆಂಟು ವರ್ಷ ಬೇಕು. ಆಮೇಲೂ ಎರಡು-ಮೂರು ವರ್ಷಗಳಿಗೊಮ್ಮೆ ಮಾತ್ರ ಮರಿ. ಬಿಳಿಯರು ನೆಲೆಸಿದ ಮೇಲೆ ಅನೇಕ ಕಡೆ ಇವನ್ನು ಕೊಂದವರಿಗೆ ಬಹುಮಾನ ನೀಡಲಾಯಿತು. ಈಗ ಮೇನ್ ಮತ್ತು ರೋಡ್ ಐಲೆಂಡ್ ರಾಜ್ಯಗಳಲ್ಲಿ ಅವು ನಿರ್ನಾಮವಾಗಿವೆ.

ಚೆರೋಕಿ ಮಂತ್ರವಿದ್ಯೆ ಇಂದು ಬೇರೊಂದು ಬಗೆಯ ಅಪಾಯದಲ್ಲಿದೆ. ಮಂತ್ರಕ್ಕೆ ಶಬ್ದವೇ ಪ್ರಾಣ, ಅನುವಾದದಲ್ಲಿ ಅದು ಮಂತ್ರವಾಗಿ ಉಳಿಯದು. ಆ ಶಬ್ದಗಳ ಭಾಷೆಯನ್ನು ಹುಟ್ಟಿನಿಂದ ಆಡುವವರು ಪೂರ್ವ ಚೆರೋಕಿಗಳಲ್ಲಿ ಕೆಲವೇ ಮಂದಿ, ಬಹುತೇಕ ವೃದ್ಧರು. 2019ರಲ್ಲಿ ಮೂರು ಚೆರೋಕಿ ಸಮುದಾಯಗಳ ಆಡಳಿತಗಳು ಸೇರಿ ಭಾಷೆಗೆ ತುರ್ತುಪರಿಸ್ಥಿತಿ ಒದಗಿದೆ ಎಂದು ಘೋಷಿಸಿದವು. ಮೂನಿಯ ಕಾಲದಲ್ಲಿ ಅನ್ಯ ವೈದ್ಯರು ಐಯೂನಿನಿಯನ್ನು ದೂಷಿಸಿದ್ದು ವಿದ್ಯೆಯನ್ನು ಹೊರಗಿನವರಿಗೆ ಮಾರಿದನೆಂದು. ಅವನ ಮಂತ್ರಗಳನ್ನು ಫ್ರಾನ್ಸ್ ಓಲ್‌ಬ್ರೆಕ್ಟ್ಸ್ ಎಂಬ ವಿದ್ವಾಂಸನು ಪರಿಷ್ಕರಿಸಿ ಪೂರ್ಣಗೊಳಿಸಿದ ಗ್ರಂಥವು 1932ರಲ್ಲಿ ಅಚ್ಚಾಯಿತು. ಈಗ ಯಾರು ಬೇಕಾದರೂ ಓದಬಹುದು. ಕ್ವಾಲಾ ಸೀಮೆಯಲ್ಲಿ ಚೆರೋಕಿ ಮಾಧ್ಯಮದ ನ್ಯೂ ಕಿಟುವಾ ಶಾಲೆ 2004ರಿಂದ ನಡೆಯುತ್ತಿದ್ದು, ಮಕ್ಕಳು ಅಲ್ಲಿ ಸೆಕ್ವೋಯಾನ ಅಕ್ಷರಗಳನ್ನು ತಿದ್ದುತ್ತಿದ್ದಾರೆ.